ಮನೋಜನ ಮಗಳ ಹೆಸರು

ಮನೋಜ ಎಂಬ ಮನುಷ್ಯ ಹುಟ್ಟಿದ್ದು ಅಡಿಲೇಡಿನಲ್ಲಿ, ಪ್ರಾಸ್ಪೆಕ್ಟ್ ರಸ್ತೆಯ ಹಿಂಬದಿಯ ಒಂದು ಬಾಡಿಗೆ ಮನೆಯಲ್ಲಿ, ೨೦೧೬ರ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ. ಹುಟ್ಟುವಾಗಲೇ ಅವನಿಗೆ ಮೂವತ್ತೆರಡು ವರ್ಷವಾಗಿತ್ತು, ಹಾಸನದಲ್ಲಿ ಮನೆಯಿತ್ತು, ಕೊಲಂಬಿಯಾ ದೇಶದ ಹೆಂಡತಿಯಿದ್ದಳು, ಅವಳಿಗೆ ಆರು ತಿಂಗಳಾಗಿತ್ತು. ತಾಯಿಗೆ ನಿಜ ಹೇಳಬೇಕೆಂದು ಬಾಯಿ ತೆರೆದ ಪ್ರಥಮ್ ಎಂಬ ಎಂಜಿನಿಯರು, ನಿಜ ಗಂಟಲಲ್ಲಿ ಸಿಕ್ಕಿಕೊಂಡಾಗ ಅದರ ಬದಲಿಗೆ ಉಗುಳಿದ ಸುಳ್ಳೇ ಈ ಮನೋಜ.

ಹೇಳಬೇಕಾಗಿದ್ದ ನಿಜ ದೊಡ್ಡದೇನೂ ಅಲ್ಲ. ಬ್ರಿಸ್ಬೇನಿನಲ್ಲಿದ್ದ ಆರು ತಿಂಗಳ ಬಸುರಿ ಮಾರ್ಸೆಲಾ ಪ್ರಥಮ್‌ನವಳು. ಹೊಟ್ಟೆಯಲ್ಲಿದ್ದ ಹೆಣ್ಣುಮಗು ಪ್ರಥಮ್‌ನದು. ಆ ಮಗುವಿಗೆ ಒಂದು ಹೆಸರು ಬೇಕಾಗಿತ್ತು, ಆ ಹೆಸರನ್ನು ಮೈಸೂರಿನ ತಾಯಿಯ ಬಾಯಿಂದಲೇ ಕೇಳಿ ತರುತ್ತೇನೆಂದು ಅವನು ಮಾತು ಕೊಟ್ಟಿದ್ದ.

ಇಬ್ಬರೂ ಒಂದಾದದ್ದು ಪರ್ತ್‌ನಲ್ಲಿ, ಓದುವ ಕಾಲದಲ್ಲಿ. ಬೆಂಟ್ಲಿಯಲ್ಲಿ ಯೂನಿವರ್ಸಿಟಿಯ ಹತ್ತಿರ ಆರು ಜನ ಹಂಚಿಕೊಂಡಿದ್ದ ಮನೆ; ಇವನು ಸರ್ವೋ ಎಂದು ಅಲ್ಲಿನವರು ಕರೆಯುವ ಪೆಟ್ರೋಲ್ ಬಂಕಿನಲ್ಲಿ ನಿಂತು ದುಡ್ಡು ತೆಗೆದುಕೊಳ್ಳುತ್ತಿದ್ದ, ಅವಳು ಸಿಟಿಯ ಆಫೀಸುಗಳನ್ನು ಗುಡಿಸಿ ಒರೆಸುತ್ತಿದ್ದಳು. ಎರಡನೇ ವರ್ಷಕ್ಕೆ ಎರಡು ಕೋಣೆಯ ಬಾಡಿಗೆ ಒಂದು ಕೋಣೆಯದಾಯಿತು. ಭಾನುವಾರ ಮೈಸೂರಿನಿಂದ ಅಮ್ಮನ ವಿಡಿಯೋ ಕರೆ ಬಂದಾಗ ಮಾರ್ಸೆಲಾ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಮೊದಮೊದಲು ಅವನೇ ಕಣ್ಣಲ್ಲಿ ಸನ್ನೆ ಮಾಡುತ್ತಿದ್ದ, ಅವಳು ನಗುತ್ತ ಹೋಗುತ್ತಿದ್ದಳು. ಆಮೇಲೆ ಸನ್ನೆ ಬೇಕಾಗಲಿಲ್ಲ, ನಗುವೂ ಇರಲಿಲ್ಲ. ಥಾರ್ನ್ಲಿಯ ಬಾಲಸುಬ್ರಹ್ಮಣ್ಯ ಅಂಕಲ್ ಮನೆಯ ಯುಗಾದಿ ಊಟಕ್ಕೆ ಅವನು ನಾಲ್ಕು ವರ್ಷ ಹೋದ, ನಾಲ್ಕು ವರ್ಷವೂ ಒಬ್ಬನೇ ಹೋದ, ಬರುವಾಗ ಡಬ್ಬಿಯಲ್ಲಿ ಅವಳಿಗೆ ಒಬ್ಬಟ್ಟು ತಂದ.

ಪ್ರಥಮ್ ಕೆಟ್ಟವನಲ್ಲ, ಅಷ್ಟು ಹೇಳಿಬಿಡಬೇಕು. ಕೆಟ್ಟವನಾಗಲೂ ಸ್ವಲ್ಪ ಎದೆಗಾರಿಕೆ ಬೇಕು. ಅವನು ಮುಂದೂಡುವ ಪೈಕಿ. ಮೊದಲ ವರ್ಷ ಹೇಳಲಿಲ್ಲ, ಯಾಕೆಂದರೆ ಇನ್ನೂ ಏನೂ ಗಟ್ಟಿಯಾಗಿರಲಿಲ್ಲ. ಎರಡನೇ ವರ್ಷ ಹೇಳಲು ಹೋದರೆ ಮೊದಲ ವರ್ಷ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗಿತ್ತು. ಹೀಗೆ ವರ್ಷಕ್ಕೊಂದು ಇಟ್ಟಿಗೆ ಸೇರಿ ಆರನೇ ವರ್ಷಕ್ಕೆ ಎದುರಿಗೆ ಗೋಡೆಯೇ ನಿಂತಿತ್ತು, ಕಟ್ಟಿದವನಿಗೇ ಹತ್ತಲು ಆಗದಷ್ಟು ಎತ್ತರಕ್ಕೆ. ಅಷ್ಟರಲ್ಲಿ ಅವನಿಗೆ ಸೌತ್ ಆಸ್ಟ್ರೇಲಿಯಾ ಸ್ಪಾನ್ಸರ್ ಮಾಡಿದ ವೀಸಾ ಸಿಕ್ಕಿ ಎರಡು ವರ್ಷ ಅಡಿಲೇಡಿನಲ್ಲೇ ಇರಬೇಕಾಯಿತು. ಮಾರ್ಸೆಲಾಗೆ ಬ್ರಿಸ್ಬೇನಿನ ಒಂದು ವೃದ್ಧಾಶ್ರಮದಲ್ಲಿ ಕೆಲಸವಾಯಿತು, ಅಲ್ಲಿ ಅವಳ ಅಕ್ಕನೂ ಇದ್ದಳು. ತಿಂಗಳಿಗೊಮ್ಮೆ ಅವನು ವಿಮಾನ ಹತ್ತಿ ಹೋಗಿ ಬರುತ್ತಿದ್ದ.

ಹೆಣ್ಣುಮಗು ಎಂದು ಸ್ಕ್ಯಾನಿನಲ್ಲಿ ಗೊತ್ತಾದ ದಿನದಿಂದ ಮಾರ್ಸೆಲಾ ಹೆಸರುಗಳ ಪಟ್ಟಿ ಶುರುಮಾಡಿದ್ದಳು. ಪಟ್ಟಿಗೆ ಎರಡು ಪರೀಕ್ಷೆ. ಬ್ರಿಸ್ಬೇನಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಹುಡುಗಿ ಕಾಗದ ನೋಡಿ ತಡವರಿಸದೆ ಕೂಗಬೇಕು. ಕೊಲಂಬಿಯಾದ ಪೆರೇರಾ ಊರಿನಲ್ಲಿ ಮಾರ್ಸೆಲಾಳ ತಾಯಿ ಮಹಡಿಯ ಮೇಲಿಂದ ಬೀದಿಗೆ ಕೂಗಿದರೆ ನಾಲಿಗೆ ತೊಡರಬಾರದು. ಹೆದರ್ ಎಂಬ ಹೆಸರು ಪೆರೇರಾದಲ್ಲಿ ಬಿದ್ದುಹೋಗುತ್ತಿತ್ತು, ಗ್ವಾದಲೂಪೆ ಬ್ರಿಸ್ಬೇನಿನಲ್ಲಿ. ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ತನ್ನ ಹೆಸರಿನ ಅಕ್ಷರ ಬಿಡಿಸಿ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಮಗಳಿಗಾದರೂ ಆ ಕಾಟ ಬೇಡ ಎಂಬುದು ಅವಳ ಹಟ.

"ಇನ್ನೊಂದು ಕಾಲಂ ಹಾಕೋಣ್ವಾ, ಕನ್ನಡಕ್ಕೆ?" ಎಂದು ಪ್ರಥಮ್ ಒಂದು ದಿನ ಕೇಳಿದ್ದ. ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ.

"ಕನ್ನಡದಲ್ಲಿ ಅವಳನ್ನ ಯಾರು ಕರೀತಾರೆ?" ಎಂದಳು ಮಾರ್ಸೆಲಾ. ಜಗಳದ ದನಿಯಲ್ಲಲ್ಲ, ನಿಜಕ್ಕೂ ತಿಳಿಯಬೇಕೆಂಬಂತೆ.

"ನಾನು."

"ನಿಮ್ಮಮ್ಮನಿಗೆ ಅವಳು ಇದಾಳೆ ಅಂತಾನೇ ಗೊತ್ತಿಲ್ಲ. ಹೇಳು ಅವರಿಗೆ. ಅವರು ಒಂದು ಹೆಸರು ಕೊಟ್ಟು, ಅದು ನನ್ನ ಎರಡು ಕಡೆಗೂ ಸಲ್ಲೋದಾದ್ರೆ, ಈ ಪಟ್ಟಿನೆಲ್ಲ ಹರಿದು ಹಾಕ್ತೀನಿ. ಆದ್ರೆ ಗೊತ್ತಿದ್ದು ಕೊಡಬೇಕು. ನಾನು ಆರು ವರ್ಷ ಅಡುಗೆಮನೆಗೆ ಎದ್ದು ಹೋದೆ. ನನ್ನ ಮಗಳು ಎದ್ದು ಹೋಗಲ್ಲ."

ಆ ಭಾನುವಾರ ಅವನು ಫೋನು ಹಿಡಿದು ಕೂತದ್ದು ಇದಕ್ಕೇ. ಮೈಸೂರಿನಲ್ಲಿ ಆಗ ಬೆಳಿಗ್ಗೆ ಒಂಬತ್ತು. ತಾಯಿ ಇಂದುಮತಿ ಸರಸ್ವತಿಪುರಂನಲ್ಲಿ ದೊಡ್ಡ ಮಗ ಅಮೋಘನ ಸಂಸಾರದ ಜೊತೆ ಇದ್ದರು. ಅಮೋಘನಿಗೆ ಇಬ್ಬರು ಗಂಡುಮಕ್ಕಳು. ಇಂದುಮತಿ ಕಾಫಿ ಲೋಟ ಪಕ್ಕಕ್ಕಿಟ್ಟು ಕನ್ನಡಕ ಸರಿಮಾಡಿಕೊಂಡರು.

"ಅಮ್ಮ, ಒಂದು ಹೆಸರು ಬೇಕಿತ್ತು. ಹೆಣ್ಣು ಮಗೂಗೆ."

"ಯಾರಿಗೋ?"

ಇಲ್ಲಿ ಒಂದೇ ಒಂದು ಪದ ಸಾಕಾಗಿತ್ತು. ನನಗೆ, ಎಂದಿದ್ದರೆ ಮುಗಿಯುತ್ತಿತ್ತು. ಪ್ರಥಮ್ ಕಿಟಕಿಯ ಕಡೆ ನೋಡಿದ, ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು.

"ನನ್ನ ಫ್ರೆಂಡ್‌ಗೆ. ಮನೋಜ ಅಂತ, ಹಾಸನದವನು, ಬ್ರಿಸ್ಬೇನಲ್ಲಿದಾನೆ. ಹೆಂಡ್ತಿ ಕೊಲಂಬಿಯಾದವಳು. ಹೆಸರು ಇಂಗ್ಲಿಷಿಗೂ ಸ್ಪ್ಯಾನಿಷಿಗೂ ಹೊಂದ್ಕೋಬೇಕಂತೆ."

"ಅವನ ತಾಯಿ ಇಲ್ವಾ? ಅವರನ್ನ ಕೇಳೋದು ತಾನೆ?"

"ಅವರಿಗೆ ಹೇಳಿಲ್ಲ ಅಮ್ಮ. ಕೋಪ ಮಾಡ್ಕೋತಾರೆ ಅಂತ ಭಯ."

ಇಂದುಮತಿ ನಕ್ಕುಬಿಟ್ಟರು. "ಎಷ್ಟು ದಿನ ಕೋಪ ಮಾಡ್ಕೋತಾರೆ? ಮದುವೆ ಅಂದ್ರೆ ಜಾತಿ ಗೋತ್ರ ಅಂತ ಎರಡು ದಿನ ಕೂಗಾಡ್ತಾರೆ. ಮಗು ಬಂದ್ಮೇಲೆ ಯಾರು ಏನು ಮಾಡೋಕಾಗುತ್ತೆ? ಎತ್ಕೊಂಡು ಸ್ನಾನ ಮಾಡಿಸೋದೊಂದೇ. ನಾನು ಹೇಳ್ದೆ ಅಂತ ಹೇಳು ಆ ಹುಡುಗನಿಗೆ, ಮೊದಲು ಅವರಮ್ಮಂಗೆ ಹೇಳಲಿ."

ಬಾಗಿಲು ತೆರೆದೇ ಇತ್ತು, ತಳ್ಳುವುದೂ ಬೇಕಿರಲಿಲ್ಲ. ಆದರೆ ಅವನ ಬುದ್ಧಿ ಅವನಿಗೆ ಬೇರೆಯೇ ಲೆಕ್ಕ ಒಪ್ಪಿಸಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಯಾರಿಗೆ ಕಷ್ಟ? ಪರರ ಮಗನಿಗೆ ಉದಾರವಾಗಿರುವ ಅಮ್ಮ ತನ್ನ ಮಗನಿಗೂ ಹಾಗೇ ಇರುತ್ತಾಳೆಂದು ಏನು ಖಾತ್ರಿ? ಹೀಗೆಂದು ಸಮಾಧಾನ ಮಾಡಿಕೊಂಡು, "ಹೇಳ್ತೀನಿ ಅಮ್ಮ" ಎಂದ.

ಅಲ್ಲಿಂದ ಇಂದುಮತಿಗೆ ಒಂದು ಹೊಸ ಹುರುಪು ಹತ್ತಿಕೊಂಡಿತು. ಗಂಡುಮಕ್ಕಳನ್ನೇ ಹೆತ್ತು, ಗಂಡು ಮೊಮ್ಮಕ್ಕಳನ್ನೇ ಆಡಿಸಿದ ಹೆಂಗಸು; ಹೆಣ್ಣಿಗೆ ಹೆಸರಿಡುವ ಕೆಲಸ ಇಷ್ಟು ವಯಸ್ಸಾದ ಮೇಲೆ ಮೊದಲ ಸಲ ಕೈಗೆ ಬಂದಿತ್ತು. ವಾರವಿಡೀ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟು ಭಾನುವಾರ ಓದುತ್ತಿದ್ದರು. ಶಾರದಾ. ಗೀತಾ. ಶ್ರೀಲಕ್ಷ್ಮಿ. ಇಂಚರಾ. ಅದನ್ನು ಪ್ರಥಮ್ ಬ್ರಿಸ್ಬೇನಿಗೆ ಸಾಗಿಸುತ್ತಿದ್ದ, ಮಾರ್ಸೆಲಾ ಪೆರೇರಾದ ತಾಯಿಗೆ ಫೋನಿನಲ್ಲಿ ಹೇಳಿಸಿ ನೋಡುತ್ತಿದ್ದಳು. ಶಾರದಾ ಅಲ್ಲಿ ಚಾರಾದಾ ಆಯಿತು. ಶ್ರೀಲಕ್ಷ್ಮಿ ಬ್ರಿಸ್ಬೇನಿನಲ್ಲೇ ಮುರಿದು ಬಿತ್ತು. ಗೀತಾ ಎಂದು ಬರೆದು ಕಳಿಸಿದರೆ ಆ ತಾಯಿ ಹೀತಾ ಎಂದದ್ದನ್ನು ಕೇಳಿ ಮಾರ್ಸೆಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಾಪಸು ಬಂದ ತೀರ್ಪನ್ನು ಪ್ರಥಮ್ ಮೈಸೂರಿಗೆ ತಲುಪಿಸುತ್ತಿದ್ದ. "ಓಹೋ, ಅವರಿಗೆ ಶ ಆಗಲ್ವಾ? ಹಾಗಾದ್ರೆ ಶ ಬಿಟ್ಟೆ" ಎಂದು ಇಂದುಮತಿ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು.

ಮಾರ್ಸೆಲಾ ಮೊದಲ ದಿನವೇ ಕೇಳಿದ್ದಳು. "ಹೇಳಿದೆಯಾ ಅವರಿಗೆ? ನಿಜವಾಗ್ಲೂ?"

"ಹೇಳ್ದೆ" ಎಂದಿದ್ದ ಪ್ರಥಮ್. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಂಬಿದವನಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಎಲ್ಲಿಂದ ಬರಬೇಕು?

ಅವಳು ಮೂಗೊರೆಸಿಕೊಂಡ ಸದ್ದು ಕೇಳಿತು. "ನಾನು ಅವರ ಜೊತೆ ಮಾತಾಡ್ಲಾ?" ಎಂದಳು.

"ಈಗ ಬೇಡ. ನಮ್ಮ ಕಡೆ ಮಗು ಹುಟ್ಟೋಕೆ ಮುಂಚೆ ಜಾಸ್ತಿ ಹೇಳ್ಕೊಳ್ಳಲ್ಲ, ಏನೂ ಕೊಂಡ್ಕೊಳ್ಳಲ್ಲ. ದೃಷ್ಟಿ ಆಗುತ್ತೆ ಅಂತ. ಹುಟ್ಟಿದ ಮೇಲೆ ಮಾತಾಡು."

ಈ ಮಾತು ಸುಳ್ಳಲ್ಲ, ಅದೇ ಅದರ ಕೆಟ್ಟತನ. ತಲೆತಲಾಂತರದಿಂದ ಹೆಂಗಸರು ಕೂಸನ್ನು ಕಾಯಲು ಇಟ್ಟುಕೊಂಡಿದ್ದ ಪದ್ಧತಿಯನ್ನು ಅವನು ತನ್ನ ಮೈ ಕಾಯಲು ಎಳೆದುಕೊಂಡ. ಮಾರ್ಸೆಲಾ ಅದನ್ನು ಗೌರವದಿಂದ ಒಪ್ಪಿ, ಕೊಂಡಿದ್ದ ತೊಟ್ಟಿಲನ್ನು ಕಣ್ಣಿಗೆ ಬೀಳದಂತೆ ಅಕ್ಕನ ಗ್ಯಾರೇಜಿಗೆ ಸಾಗಿಸಿದಳು.

ಜುಲೈ ತಿಂಗಳ ಕೊನೆಯ ಭಾನುವಾರ ಇಂದುಮತಿಯ ಪಟ್ಟಿ ಮುಗಿದಿತ್ತು. ಕ್ಯಾಲೆಂಡರನ್ನು ಮಡಿಸಿ ಪಕ್ಕಕ್ಕಿಟ್ಟರು. ಹಿಂದೆ ಅಮೋಘನ ಮಕ್ಕಳು ಟಿವಿ ನೋಡುತ್ತಿದ್ದ ಸದ್ದು.

"ಒಂದು ಹೆಸರಿದೆ ಕಣೋ" ಎಂದರು ತಗ್ಗಿದ ದನಿಯಲ್ಲಿ. "ಅವರು ಕೇಳೋ ಹಾಗೇ ಇದೆ. ಶನೂ ಇಲ್ಲ, ಒತ್ತಕ್ಷರಾನೂ ಇಲ್ಲ. ಆದ್ರೆ ಅದನ್ನ ಕೊಡಲ್ಲ."

"ಯಾವ್ದು?"

"ಲಲಿತಾ."

"ಅತ್ತೆ ಹೆಸರಲ್ವಾ?"

"ನಿಮ್ಮತ್ತೆದೂ ಹೌದು. ನಂದೂ ಹೌದು. ನಾನು ಹುಟ್ಟಿದಾಗಿಂದ ಇಪ್ಪತ್ತೊಂದು ವರ್ಷ ಲಲಿತಾನೇ. ಮದುವೆ ಗೊತ್ತಾದಾಗ, ಗಂಡಿನ ಅಕ್ಕನ ಹೆಸರೂ ಲಲಿತಾ, ಒಂದೇ ಮನೇಲಿ ಇಬ್ಬರು ಲಲಿತಾ ಆಗಲ್ಲ ಅಂದ್ರು. ಧಾರೆ ಆದ್ಮೇಲೆ ತಟ್ಟೇಲಿ ಅಕ್ಕಿ ಹರಡಿ, ನಿಮ್ಮಪ್ಪ ಉಂಗುರ ತಗೊಂಡು ಅದರಲ್ಲಿ ಇಂದುಮತಿ ಅಂತ ಬರೆದ್ರು. ನನಗೆ ತಲೆ ಬಗ್ಗಿಸಿ ಕೂತಿದ್ದಕ್ಕೆ ಸರಿಯಾಗಿ ಕಾಣಲೂ ಇಲ್ಲ. ಪಕ್ಕದಲ್ಲಿದ್ದವರನ್ನ ಕೇಳಿ ನನ್ನ ಹೆಸರು ತಿಳ್ಕೊಂಡೆ."

ಪ್ರಥಮ್‌ಗೆ ಮೂವತ್ತೆರಡು ವರ್ಷದಲ್ಲಿ ಇದು ಗೊತ್ತಿರಲಿಲ್ಲ. ತನ್ನ ತಾಯಿಗೆ ಬೇರೊಂದು ಹೆಸರಿತ್ತೆಂದು ಯಾರೂ ಹೇಳಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ.

"ಅಮೋಘನಿಗೆ ಹೆಣ್ಣಾಗುತ್ತೆ, ಇಡೋಣ ಅಂತ ಕಾದೆ. ಎರಡೂ ಗಂಡಾಯ್ತು. ಇನ್ನು ಇರೋದು ನೀನು. ನಿಂಗೆ ಹೆಣ್ಣಾದ್ರೆ ಅದರ ಕಿವೀಲಿ ನಾನೇ ಹೇಳ್ಬೇಕು ಅಂತಿದೀನಿ. ಮನೋಜನಿಗೆ ಬೇಜಾರು ಮಾಡ್ಕೋಬೇಡ ಅಂತ ಹೇಳು. ಆ ಹೆಸರು ನಿನ್ನ ಮಗಳದು."

ಆ ಮಗಳು ಆ ಹೊತ್ತಿಗೆ ಬ್ರಿಸ್ಬೇನಿನಲ್ಲಿ ತಾಯಿಯ ಪಕ್ಕೆಗೆ ಒದೆಯುತ್ತಿದ್ದಳು. ಪ್ರಥಮ್‌ನ ಕಣ್ಣು ತುಂಬಿ ಬಂತು. ಅತ್ತರೆ ಕಾರಣ ಹೇಳಬೇಕಾಗುತ್ತದೆಂದು ಕೆಮ್ಮಿದ. "ಸರಿ ಅಮ್ಮ" ಎಂದ. ದೇವರೇ ಇಳಿದು ಬಂದು ಅವನ ದವಡೆ ಹಿಡಿದು ತೆರೆಸಿದರೂ ಈ ಎರಡು ಶಬ್ದಕ್ಕಿಂತ ಹೆಚ್ಚು ಹೊರಬೀಳುತ್ತಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಒಂದು ಮಾತಿತ್ತು. ಅರ್ಧ ಗಂಟೆಯಲ್ಲಿ ಅವನು ಬ್ರಿಸ್ಬೇನಿಗೆ ಫೋನು ಮಾಡಿ ಹೆಸರನ್ನು ಹೇಳಿಬಿಟ್ಟ. ಅಮ್ಮನ ತವರಿನ ಹೆಸರು, ಅಕ್ಕಿಯ ತಟ್ಟೆ, ಉಂಗುರ, ಎಲ್ಲವನ್ನೂ ಹೇಳಿದ. ನಮ್ಮ ಮಗಳಿಗೆ ಅಂತ ಕೊಟ್ಟರು, ಎಂದ. ಅದು ನಿಜವೂ ಆಗಿತ್ತು. ಮಾರ್ಸೆಲಾ ಮೂರು ಸಲ ಹೇಳಿ ನೋಡಿದಳು. ಎಲ್ಲೂ ತೊಡರಲಿಲ್ಲ. ಪೆರೇರಾದ ಅಜ್ಜಿ ಒಂದೇ ಸಲಕ್ಕೆ ಕೂಗಿದಳು, ವೃದ್ಧಾಶ್ರಮದ ಎಂಬತ್ತೆಂಟು ವರ್ಷದ ಇಂಗ್ಲಿಷ್ ಮುದುಕಿಯೂ ಕೂಗಿದಳು. ಮೂರು ತಿಂಗಳು ಹುಡುಕಿದ ಹೆಸರು ಒಂದು ಮಧ್ಯಾಹ್ನದಲ್ಲಿ ಗೊತ್ತಾಯಿತು. ಮಾರ್ಸೆಲಾ ಪಟ್ಟಿಯನ್ನು ಅಳಿಸಿಹಾಕಿದಳು.

ಮಗು ಆಗಸ್ಟ್ ಕೊನೆಯ ವಾರ ಹುಟ್ಟಿತು. ಪ್ರಥಮ್ ರಜೆ ಹಾಕಿ ಬ್ರಿಸ್ಬೇನಿಗೆ ಬಂದಿದ್ದ. ಎರಡನೇ ದಿನ ಮಧ್ಯಾಹ್ನ ಆಸ್ಪತ್ರೆಯ ಕೋಣೆಯಲ್ಲಿ ಕಿಟಕಿಯ ಬದಿಯ ಕುರ್ಚಿಯಲ್ಲಿ ಕೂತು ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ. ಮೂರು ಕೆಜಿ ಇನ್ನೂರು ಗ್ರಾಂ. ಅದು ಅವನ ಕಿರುಬೆರಳನ್ನು ಹಿಡಿದು ನಿದ್ದೆಹೋಗಿತ್ತು. ಅವನು ಬದುಕಿನಲ್ಲಿ ಅಷ್ಟು ಸುಖವಾಗಿ ಯಾವತ್ತೂ ಕೂತಿರಲಿಲ್ಲ. ಮಾರ್ಸೆಲಾ ಹಾಸಿಗೆಯಿಂದ ಕೈಚಾಚಿ ಅವನ ಫೋನು ತೆಗೆದುಕೊಂಡಳು.

"ಈಗ ಹುಟ್ಟಿದಾಳಲ್ಲ" ಎಂದು ನಕ್ಕು, 'ಅಮ್ಮ' ಎಂದಿದ್ದನ್ನು ಒತ್ತಿ, ವಿಡಿಯೋ ಅವನ ಕಡೆ ತಿರುಗಿಸಿದಳು.

ಕೈಯಲ್ಲಿ ಮಗು. ಎದ್ದು ಕಿತ್ತುಕೊಳ್ಳುವ ಹಾಗಿರಲಿಲ್ಲ. ಎರಡನೇ ರಿಂಗಿಗೆ ಇಂದುಮತಿಯ ಮುಖ ಬಂತು.

"ಪ್ರಥೂ? ಇದೇನೋ ಮಂಗಳವಾರ? ಅಯ್ಯೋ, ಯಾರ ಕೂಸೋ ಅದು, ಮನೋಜಂದಾ?"

"ಹೂಂ ಅಮ್ಮ."

"ನೀನ್ಯಾಕೆ ಅಲ್ಲಿಗೆ ಹೋದೆ ಅಡಿಲೇಡ್ ಬಿಟ್ಟು? ಮನೋಜ ಎಲ್ಲಿ?"

"ಅವನು... ಊರಲ್ಲಿಲ್ಲ. ಸಹಾಯಕ್ಕೆ ಇರಲಿ ಅಂತ ಬಂದೆ."

"ಒಳ್ಳೇದ್ ಮಾಡ್ದೆ. ಹೆರಿಗೆ ಹೊತ್ತಲ್ಲಿ ಗಂಡ ಹತ್ರ ಇಲ್ಲ ಅಂದ್ರೆ ಏನು ಮನುಷ್ಯನೋ ಆ ಮನೋಜ. ಎಲ್ಲಿ, ಆ ಹುಡುಗಿ ತೋರ್ಸು."

ಮಾರ್ಸೆಲಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳಿಗೆ ಬರುತ್ತಿದ್ದ ಕನ್ನಡ ಹತ್ತು ಪದ. "ನಮಸ್ಕಾರ, ಅಮ್ಮ" ಎಂದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಇಂದುಮತಿಯೂ ಸೆರಗಿನಿಂದ ಕಣ್ಣೊತ್ತಿಕೊಂಡರು; ದೂರದೇಶದಲ್ಲಿ ಅತ್ತೆ ತಾಯಿ ಯಾರೂ ಇಲ್ಲದೆ ಹೆತ್ತ ಹುಡುಗಿ ಎಂದು ಅವರ ಕರುಳು ಕರಗಿತ್ತು. ಬಿಸಿನೀರೇ ಕುಡಿ, ತಲೆಗೆ ಬಟ್ಟೆ ಕಟ್ಟಿಕೋ, ಗಾಳಿಗೆ ಕೂರಬೇಡ ಎಂದು ಕನ್ನಡದಲ್ಲೇ ಹೇಳಿದರು. ಮಾರ್ಸೆಲಾ ಎಲ್ಲಕ್ಕೂ ತಲೆಯಾಡಿಸಿದಳು. ಇಬ್ಬರು ಹೆಂಗಸರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಮುಖ ತಿಳಿದಿತ್ತು. ತಿಳಿಯದೆ ಕೂತಿದ್ದವನು ಎರಡೂ ಭಾಷೆ ಬಲ್ಲವನೊಬ್ಬನೇ.

"ಹೆಸರು ಏನಿಟ್ರಿ?" ಎಂದರು ಇಂದುಮತಿ.

ಹೆಸರು ಎಂಬುದು ಮಾರ್ಸೆಲಾಗೆ ಬರುತ್ತಿದ್ದ ಹತ್ತರಲ್ಲಿ ಒಂದು. ಮೂರು ತಿಂಗಳು ಅದನ್ನೇ ಕೇಳಿದ್ದಳು. ಎದೆಯ ಮೇಲೆ ಕೈಯಿಟ್ಟುಕೊಂಡು, ಕಲಿತ ಪಾಠ ಒಪ್ಪಿಸುವಂತೆ ನಿಧಾನವಾಗಿ ಹೇಳಿದಳು. "ಲಲಿತಾ. ನಿಮ್ಮ ಹೆಸರು. ಥ್ಯಾಂಕ್ ಯೂ, ಅಮ್ಮ."

ಇಂದುಮತಿಯ ಮುಖ ಪರದೆಯ ಮೇಲೆ ಹಾಗೇ ನಿಂತಿತು. ನೆಟ್‌ವರ್ಕ್ ಹೋಯಿತೆಂದು ಮಾರ್ಸೆಲಾ ಫೋನು ಅಲುಗಿಸಿದಳು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

"ಪ್ರಥಮ್" ಎಂದರು ತಾಯಿ. ಪ್ರಥೂ ಅನ್ನಲಿಲ್ಲ. "ಕೊಡಬೇಡ ಅಂದಿದ್ನಲ್ಲೋ."

ಅವನು ಮಗುವಿನ ಮುಖ ನೋಡುತ್ತ ಕೂತ. ಆಗಲೂ ಹೇಳಬಹುದಿತ್ತು. ಅಮ್ಮ, ಇದು ಮನೋಜನದಲ್ಲ, ಎಂದಿದ್ದರೆ ಆ ಕೋಣೆಯಲ್ಲಿ ಆ ಹೊತ್ತಿಗೆ ಅಳುವೂ ನಗುವೂ ಆಗುತ್ತಿತ್ತು, ಬೈಗುಳವೂ ಇರುತ್ತಿತ್ತು, ಒಂದು ಗಂಟೆಯಲ್ಲಿ ಎಲ್ಲ ಮುಗಿದು ಅಜ್ಜಿ ಬಾಣಂತಿ ಲೇಹದ ಮಾತೆತ್ತುತ್ತಿದ್ದರು. ಅವನು ಹೇಳಲಿಲ್ಲ. ಇಂದುಮತಿ ಮನೆತನಸ್ಥೆ, ಪರರ ಮನೆಯ ಬಾಣಂತಿಯ ಮುಂದೆ ಮುಖ ಬಾಡಿಸಬಾರದೆಂದು ಮಾರ್ಸೆಲಾಳ ಕಡೆ ತಿರುಗಿ, "ನೂರು ವರ್ಷ ಬಾಳಲಿ ಕಣಮ್ಮ ಮಗು" ಎಂದು ಕೈಯೆತ್ತಿ ಹರಸಿ ಫೋನಿಟ್ಟರು.

"ಏನಂದ್ರು?" ಎಂದು ಮಾರ್ಸೆಲಾ ಕೇಳಿದಳು.

"ನೂರು ವರ್ಷ ಬಾಳಲಿ ಅಂದ್ರು."

"ಅದಕ್ಕೆ ಮುಂಚೆ. ಹೆಸರು ಹೇಳಿದ ತಕ್ಷಣ ಅವರ ಮುಖ ಯಾಕೆ ಹಾಗಾಯ್ತು?" ಅವಳೇ ಮುಂದುವರಿದಳು. "ಮನೋಜ ಯಾರು? ಮೂರು ಸಲ ಅಂದ್ರು."

ಅವಳಿಗೆ ಹೇಳಿದ. ತಾಯಿಯ ಮುಂದೆ ಬಾರದ ಬಾಯಿ ಇಲ್ಲಿ ಬಂತು, ಯಾಕೆಂದರೆ ಇಲ್ಲಿ ಸಿಕ್ಕಿಬಿದ್ದಿದ್ದ. ಮೇ ತಿಂಗಳಿಂದ ನಡೆದದ್ದನ್ನೆಲ್ಲ ಹೇಳಿ ಮುಗಿಸುವ ತನಕ ಮಾರ್ಸೆಲಾ ಅವನ ಮುಖ ನೋಡಲಿಲ್ಲ. ಕೊನೆಗೆ ಎರಡು ಕೈ ಚಾಚಿದಳು. ಅವನು ಎದ್ದು ಹೋಗಿ ಮಗುವನ್ನು ಕೊಟ್ಟ.

"ಅರವತ್ತು ದಿನದೊಳಗೆ ರಿಜಿಸ್ಟರ್ ಮಾಡಿಸಬೇಕು" ಎಂದಳು. ದನಿ ಏರಲಿಲ್ಲ. "ಅಷ್ಟರಲ್ಲಿ ಅವರಿಗೆ ಹೇಳು. ಹೇಳಿದ್ರೆ, ಅವರು ಬೈದ್ರೂ ಪರವಾಗಿಲ್ಲ, ಫಾರಂಗೆ ನೀನೂ ಸಹಿ ಮಾಡು, ಇವಳು ಲಲಿತಾ. ಇಲ್ಲ ಅಂದ್ರೆ ನನ್ನೊಬ್ಬಳದೇ ಸಹಿ. ಕದ್ದ ಹೆಸರು ಹಿಡಿದು ನನ್ನ ಮಗಳನ್ನ ಕರೆಯಲ್ಲ."

ಪ್ರಥಮ್ ಅಡಿಲೇಡಿಗೆ ಮರಳಿದ. ಎಂಟು ಭಾನುವಾರ ಸಿಗುತ್ತವೆ ಎಂದುಕೊಂಡ. ಎಂಟು ಭಾನುವಾರ ಅವನಂಥವನಿಗೆ ಎಂಟು ನೆಪ. ಮೊದಲನೇ ವಾರ ತಾಯಿ ಫೋನೆತ್ತಲಿಲ್ಲ. ಎರಡನೇ ವಾರ ಎತ್ತಿದರು, ದನಿ ಬಾಡಿತ್ತು. ನೊಂದವರಿಗೆ ಇನ್ನೂ ನೋವು ಕೊಡುವುದೇ ಎಂದು ಬಿಟ್ಟ. ನಾಲ್ಕನೇ ವಾರ ಸ್ವಲ್ಪ ನಕ್ಕರು. ನಗುತ್ತಿರುವಾಗ ಕೆಡಿಸುವುದೇ ಎಂದು ಬಿಟ್ಟ. ಆರನೇ ವಾರ ಅಮೋಘನ ಚಿಕ್ಕ ಮಗನಿಗೆ ಜ್ವರ. ಹೇಳಲು ಬೇಕಾದ ಮಾತನ್ನು ಅವನು ಕಾರಿನಲ್ಲಿ, ಸ್ನಾನದಲ್ಲಿ, ಟ್ರಾಲಿ ತಳ್ಳುತ್ತ ಇಂಡಿಯನ್ ಅಂಗಡಿಯ ಬೇಳೆಯ ಸಾಲಿನಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿದ. ಅಲ್ಲೆಲ್ಲ ತುಂಬ ಚೆನ್ನಾಗಿ ಬರುತ್ತಿತ್ತು.

ಎಂಟನೇ ಭಾನುವಾರ ಇಂದುಮತಿಯೇ ಮೊದಲು ಮಾತು ತೆಗೆದರು. ಮುಖ ತಿಳಿಯಾಗಿತ್ತು, ಹಣೆಯಲ್ಲಿ ಹೊಸ ಕುಂಕುಮ.

"ಪ್ರಥೂ, ನಿನ್ಮೇಲೆ ಸಿಟ್ಟು ಮಾಡ್ಕೊಂಡಿದ್ದೆ. ಬಿಟ್ಟುಬಿಟ್ಟೆ. ಎಷ್ಟಾದ್ರೂ ಏನೂ ಅರಿಯದ ಕೂಸು, ಅದಕ್ಕೆ ಕೊಟ್ಟ ಹೆಸರಿನ ಮೇಲೆ ನಾನು ಆಸೆ ಇಟ್ಕೊಂಡು ಕೂತ್ರೆ ಅದಕ್ಕೆ ಒಳ್ಳೇದಾಗಲ್ಲ. ಇವತ್ತು ಬೆಳಿಗ್ಗೆ ತುಳಸಿ ದಳ ಇಟ್ಟು ನೀರು ಬಿಟ್ಟೆ. ಮನಸಾರೆ ಕೊಟ್ಟುಬಿಟ್ಟೆ. ಇನ್ನು ಆ ಹೆಸರು ಮನೋಜನ ಮಗಳದು, ನಂದಲ್ಲ. ನಿನ್ನ ಮಗಳಿಗೆ ಬೇರೆ ಯಾವುದಾದ್ರೂ ನೋಡೋಣ."

ಇದನ್ನು ಕೇಳಿ ಪ್ರಥಮ್ ಅತ್ತ. ಈ ಸಲ ಕೆಮ್ಮಲಿಲ್ಲ. ಮಗ ಪಶ್ಚಾತ್ತಾಪ ಪಟ್ಟನೆಂದು ತಾಯಿಯೂ ಅತ್ತರು. "ಬಿಡು, ಬಿಡು" ಎಂದರು. ಅವನು ಬಿಟ್ಟುಬಿಟ್ಟ.

ಕೂಡಲೇ ಬ್ರಿಸ್ಬೇನಿಗೆ ಫೋನು ಮಾಡಿದ. ಅವನ ದನಿಯಲ್ಲಿ ಸಂತೋಷವೇ ಇತ್ತು, ಅಷ್ಟು ದಡ್ಡ. "ಅಮ್ಮ ಹೆಸರು ಕೊಟ್ಟುಬಿಟ್ಟಿದಾರೆ. ಪೂಜೆ ಮಾಡಿ ಕೊಟ್ಟಿದಾರೆ. ಮನಸಾರೆ."

"ಹೇಳಿದೆಯಾ?" ಎಂದಳು ಮಾರ್ಸೆಲಾ.

"ಅವರೇ ಕೊಟ್ರು. ಈಗ ಅದು ಕದ್ದದ್ದಲ್ಲ."

"ಯಾರಿಗೆ ಕೊಟ್ರು?"

ಆ ಕಡೆ ಮಗು ಒಂದು ಸಲ ಕುಂಯ್ ಎಂದು ಸುಮ್ಮನಾಯಿತು. ಮಾರ್ಸೆಲಾ ಕಾದಳು, ಆರು ವರ್ಷ ಕಾದವಳು ಇನ್ನೂ ಒಂದು ನಿಮಿಷ ಕಾದಳು. ಆಮೇಲೆ ಫೋನಿಟ್ಟಳು. ಗುರುವಾರ ಒಂದು ಮೆಸೇಜು ಬಂತು, ಇಂಗ್ಲಿಷಿನಲ್ಲಿ, ಒಂದೇ ಸಾಲು. ಮಗುವನ್ನು ಎಲೆನಾ ಎಂದು ರಿಜಿಸ್ಟರ್ ಮಾಡಿಸಿದ್ದಳು. ಅಲ್ಲೂ ಸಲ್ಲುವ, ಇಲ್ಲೂ ಸಲ್ಲುವ ಹೆಸರು. ತಂದೆಯ ಜಾಗ ಖಾಲಿ.

ಆಮೇಲೆ ಅವನು ಎರಡು ಸಲ ಬ್ರಿಸ್ಬೇನಿಗೆ ಹೋದ. ಮೊದಲನೇ ಸಲ ಮಾರ್ಸೆಲಾ ಪಾರ್ಕಿಗೆ ಮಗುವನ್ನು ತಂದು ಒಂದು ಗಂಟೆ ಕೂತಳು. ಎರಡನೇ ಸಲ ಅಕ್ಕನೇ ತಂದಳು. ಮೂರನೇ ಸಲಕ್ಕೆ ಟಿಕೆಟ್ ತೆಗೆಯಲು ಅವನಿಗೆ ಕೈ ಬರಲಿಲ್ಲ. ಎದುರಿಸುವುದಕ್ಕಿಂತ ನೆನೆಸಿಕೊಳ್ಳುವುದು ಸುಲಭ ಎಂದು ಕಂಡುಕೊಂಡವನು ಅವನು. ತಿಂಗಳ ಮೊದಲ ತಾರೀಖು ಒಂದು ಫೋಟೋ ಬರುತ್ತಿತ್ತು, ಜೊತೆಗೆ ಮಾತಿರುತ್ತಿರಲಿಲ್ಲ.

ಆದರೆ ಮೈಸೂರಿನಲ್ಲಿ ಲಲಿತಾ ಬೆಳೆಯುತ್ತಿದ್ದಳು. ಹೆಸರನ್ನು ಧಾರೆಯೆರೆದ ಮೇಲೆ ಇಂದುಮತಿಗೆ ಆ ಮಗುವಿನ ಮೇಲೆ ಒಂದು ಋಣ ಹುಟ್ಟಿಕೊಂಡಿತ್ತು. ತಾನು ಒಂದು ಕಾಲಕ್ಕೆ ಆಗಿದ್ದ ಹುಡುಗಿ ಎಲ್ಲೋ ಸಮುದ್ರದಾಚೆ ಮತ್ತೆ ತೊಟ್ಟಿಲಿಂದ ಶುರುವಾಗಿದ್ದಾಳೆ ಎಂಬಂತೆ ಪ್ರತಿ ಭಾನುವಾರ ವಿಚಾರಿಸುತ್ತಿದ್ದರು. ಕತ್ತು ನಿಂತಿತಾ? ಮಗುಚಿಕೊಂಡಳಾ? ಹಲ್ಲು ಬಂತಾ? ಪ್ರಥಮ್ ಫೋಟೋದಲ್ಲಿ ಕಂಡಷ್ಟನ್ನು ಹೇಳುತ್ತಿದ್ದ, ಕಾಣದ್ದನ್ನು ಕಟ್ಟಿ ಹೇಳುತ್ತಿದ್ದ. ಮನೋಜ ಎಂಬ ಇಲ್ಲದ ಮನುಷ್ಯ ಈಗ ಬ್ರಿಸ್ಬೇನಿನಲ್ಲಿ ಮನೆ ಕೊಂಡಿದ್ದ, ಕೆಲಸದಲ್ಲಿ ಮೇಲೇರಿದ್ದ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸುತ್ತಿದ್ದ. ಪ್ರಥಮ್‌ಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು.

೨೦೧೭ರ ಆಗಸ್ಟಿನ ಕೊನೆಯ ಭಾನುವಾರ ಇಂದುಮತಿ ಒಂದು ಬೆಳ್ಳಿಯ ಲೋಟ ಹಿಡಿದು ತೋರಿಸಿದರು. ಪುಟ್ಟದು, ಮೈಮೇಲೆ ಬಳ್ಳಿಯ ಗೆರೆ.

"ಲಲಿತಾಗೆ ವರ್ಷ ತುಂಬ್ತಲ್ಲೋ. ಯಾರಾದ್ರೂ ಬರೋರಿದ್ರೆ ಕಳಿಸ್ತೀನಿ. ಹಾಲು ಕುಡಿಯೋಕೆ."

"ಬೇಡ ಅಮ್ಮ, ಯಾಕೆ ಸುಮ್ನೆ."

"ಇರ್ಲಿ ಬಿಡೋ, ನನ್ನ ಹೆಸರಿನವಳು." ಲೋಟವನ್ನು ಸೆರಗಿನಲ್ಲಿ ಒರೆಸಿ ಪೆಟ್ಟಿಗೆಯೊಳಗಿಟ್ಟರು. ಆಮೇಲೆ ಏನೋ ನೆನಪಾದವರಂತೆ ತಲೆಯೆತ್ತಿದರು. "ಅಲ್ಲ, ಆ ಮನೋಜನ ತಾಯಿ ಬಂದು ನೋಡಿದ್ರಾ ಮೊಮ್ಮಗಳನ್ನ?"

"ಇಲ್ಲ ಅಮ್ಮ."

"ಒಂದು ಸಲಾನೂ ಇಲ್ವಾ? ವರ್ಷ ಆಯ್ತಲ್ಲೋ. ಬರೋಕಾಗ್ದಿದ್ರೆ ಬೇಡ, ಫೋನಲ್ಲಾದ್ರೂ ಕರೆದು ಮಾತಾಡ್ಸಿದ್ರಾ?"

"ಇಲ್ಲ."

ಇಂದುಮತಿ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಅವರಿಗೆ ನಿಜಕ್ಕೂ ಸಂಕಟವಾಗಿತ್ತು, ಒಂದೇ ಸಲ ಪರದೆಯಲ್ಲಿ ಕಂಡಿದ್ದ ಆ ಕೂಸಿಗಾಗಿ.

"ಎಂಥಾ ಕಲ್ಲೆದೆ ಹೆಂಗಸೋ ಅವಳು" ಎಂದರು.